ಜಿಪಿಎಸ್ ಉಂಟು, ಚಾರ್ಟು ಎಲ್ಲಿ? ಕರಾವಳಿಯ ಮೀನುಗಾರ ತರುಣರಿಗೆ ಒಂದು ಬಹಿರಂಗ ಪತ್ರ

ಕಾರವಾರದಿಂದ ಉಳ್ಳಾಲದವರೆಗೆ ಬೋಟುಗಳಲ್ಲಿ ದುಡಿಯುತ್ತಿರುವ ನನ್ನ ತಮ್ಮಂದಿರೇ,

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ರಜೆ. ಒಟ್ಟು 61 ದಿನ. ದಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಎಂಜಿನ್ನು ಬಿಚ್ಚಿ ಮೆಕ್ಯಾನಿಕ್ಕಿಗೆ ಕೊಟ್ಟಾಗಿದೆ. ಬಲೆ ರಿಪೇರಿ ಮಧ್ಯಾಹ್ನದೊಳಗೆ ಮುಗಿಯುತ್ತದೆ, ಆಮೇಲೆ ಸಂಜೆಯವರೆಗೆ ಮೊಬೈಲು, ಕ್ಯಾರಂ, ಮಳೆ. ಆ ಬಿಡುವಿನಲ್ಲಿ ಒಂದಷ್ಟು ಸಂಜೆಗಳನ್ನು ನನಗೆ ಕೊಡಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಕಡಲಿನ ಚಾರ್ಟು ಓದುವುದನ್ನು ಕಲಿಯಿರಿ. ಕೇಳಲಿಕ್ಕಿರುವುದು ಅಷ್ಟೆ. ಯಾಕೆ, ಹೇಗೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

ನಾನು ಕುಂದಾಪುರದ ಕಡೆಯವನು, ಮೀನುಗಾರರ ಮನೆಯಲ್ಲೇ ಹುಟ್ಟಿದವನು. ಆದರೆ ಬಲೆ ಹಿಡಿಯದೆ ಸರಕು ಹಡಗು ಹತ್ತಿದೆ, ಬ್ರಿಜ್ಜಿನಲ್ಲಿ ನಿಂತು ಹಡಗು ನಡೆಸುವ ಕೆಲಸದಲ್ಲೇ ನಿವೃತ್ತನಾದೆ. ಹಾಗಾಗಿ ಮೀನು ಎಲ್ಲಿ ಸಿಗುತ್ತದೆ, ಯಾವ ಗಾಳಿಗೆ ಬಂಗುಡೆ ಮೇಲೆ ಬರುತ್ತದೆ ಎಂದು ನಿಮಗೆ ಹೇಳುವ ಯೋಗ್ಯತೆ ನನಗಿಲ್ಲ. ಅದು ನಿಮ್ಮ ತಂಡೇಲರಿಗೆ ಗೊತ್ತು. ನನಗೆ ಗೊತ್ತಿರುವುದು ಹೋಗುವ ದಾರಿ, ಬರುವ ದಾರಿ. ಅದನ್ನು ಮಾತ್ರ ಹೇಳುತ್ತೇನೆ.

ಈ ಮಾತು ತೆಗೆದಾಗಲೆಲ್ಲ ನಿಮ್ಮಲ್ಲಿ ಹಲವರು ಕೊಡುವ ಉತ್ತರ ಒಂದೇ: "ಜಿಪಿಎಸ್ ಉಂಟಲ್ಲ ಮಾರಾಯ್ರೆ, ಮತ್ತೆಂತಕ್ಕೆ ಚಾರ್ಟು?" ಜಿಪಿಎಸ್ ಬೇಡ ಎಂದು ನಾನು ಹೇಳುವುದಿಲ್ಲ. ಅದು ಬಂದ ಮೇಲೆ ಎಷ್ಟೋ ಜೀವ ಉಳಿದಿದೆ. ಆದರೆ ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ಒಮ್ಮೆ ಯೋಚಿಸಿ. ನೀವು ಎಲ್ಲಿದ್ದೀರಿ ಎಂದು ಎರಡು ಸಂಖ್ಯೆಗಳಲ್ಲಿ ಅದು ಹೇಳುತ್ತದೆ. ನಿಮಗೂ ಬಂದರಿಗೂ ನಡುವೆ ಏನಿದೆ ಎಂಬುದು ಆ ಸಂಖ್ಯೆಗಳಲ್ಲಿ ಇರುವುದಿಲ್ಲ. ವಾಯವ್ಯದ ಕಡೆಯಿಂದ ಮಲ್ಪೆಗೆ ಬರುವ ಬೋಟು ಬಂದರಿನ ಪಾಯಿಂಟ್ ಒತ್ತಿ 'ಗೋ ಟು' ಕೊಟ್ಟರೆ ಪರದೆಯ ಮೇಲೆ ಒಂದು ನೇರ ಗೆರೆ ಮೂಡುತ್ತದೆ. ಆ ಗೆರೆ ಸೇಂಟ್ ಮೇರೀಸ್ ದ್ವೀಪಗಳ ಮೇಲೋ ತೀರಾ ಹತ್ತಿರದಲ್ಲೋ ಹಾದುಹೋಗಬಹುದು. ಗೆರೆ ಎಳೆಯುವ ಯಂತ್ರಕ್ಕೆ ಬಂಡೆಯೂ ಒಂದೇ, ನೀರೂ ಒಂದೇ. ಮಲ್ಪೆಯವರಿಗೆ ಅಲ್ಲಿ ದ್ವೀಪ ಇದೆಯೆಂದು ಗೊತ್ತಿರುವುದರಿಂದ ತಪ್ಪಿಸಿಕೊಂಡು ಬರುತ್ತಾರೆ. ಅದೇ ಬೋಟು ರತ್ನಗಿರಿಯಾಚೆ ಹೋಗಿ, ಗುರುತಿಲ್ಲದ ಯಾವುದೋ ಬಂದರಿಗೆ ರಾತ್ರಿ ಹೊತ್ತು ಓಡಿ ಸೇರಬೇಕಾಗಿ ಬಂದರೆ?

ಇನ್ನೊಂದು ವಿಷಯ ನಿಮಗೇ ಚೆನ್ನಾಗಿ ಗೊತ್ತು. ನಿಮ್ಮ ಬೋಟಿನ ಆಸ್ತಿಯೆಂದರೆ ಆ ಪೆಟ್ಟಿಗೆಯೊಳಗಿನ ಪಾಯಿಂಟುಗಳು. ಇಲ್ಲಿ ಬಲೆ ಹರಿಯುವ ಬಂಡೆ, ಇಲ್ಲಿ ಮುಳುಗಿದ ಬೋಟು, ಇಲ್ಲಿ ಕಳೆದ ವರ್ಷ ಅಂಜಲ್ ಸಿಕ್ಕಿದ ಜಾಗ, ಹೀಗೆ ತಂಡೇಲನೊಬ್ಬನ ಆಯುಷ್ಯವೇ ಅದರೊಳಗಿದೆ. ಉಪ್ಪುನೀರು ಒಳಹೊಕ್ಕು ಸೆಟ್ಟು ಸತ್ತರೆ ಅದೆಲ್ಲ ಹೋಯಿತು. ಎಷ್ಟು ಬೋಟುಗಳಲ್ಲಿ ಅದರ ಕಾಗದದ ಪ್ರತಿ ಇದೆ ಎಂದು ದಕ್ಕೆಯಲ್ಲಿ ಕೇಳುತ್ತಾ ಹೋಗಿ ನೋಡಿ, ಉತ್ತರ ನಿಮಗೇ ಸಿಗುತ್ತದೆ.

ನಿಮ್ಮ ಅಜ್ಜಂದಿರಿಗೆ ಚಾರ್ಟೂ ಇರಲಿಲ್ಲ, ಜಿಪಿಎಸ್ಸೂ ಇರಲಿಲ್ಲ, ಅವರು ಹೋಗಿ ಬರಲಿಲ್ಲವೇ ಎಂದು ಕೇಳಬಹುದು. ಹೋಗಿ ಬಂದರು, ಬರೀ ಧೈರ್ಯದಿಂದ ಅಲ್ಲ, ವಿದ್ಯೆಯಿಂದ. ದೂರದ ಗುಡ್ಡದ ತುದಿಯೂ ಹತ್ತಿರದ ದೇವಸ್ಥಾನದ ಕಳಸವೂ ಒಂದೇ ಸಾಲಿಗೆ ಬಂದರೆ ಅವರು ಒಂದು ಗೆರೆಯ ಮೇಲೆ ಇದ್ದ ಹಾಗೆ. ತೆಂಕಿನ ಕಡೆ ಅಂಥದೇ ಇನ್ನೊಂದು ಜೋಡಿ ಸಾಲಿಗೆ ಬಂದರೆ ಎರಡನೆಯ ಗೆರೆ. ಎರಡು ಗೆರೆ ಕೂಡಿದ ಜಾಗದಲ್ಲಿ ಬಲೆ ಬಿಡುತ್ತಿದ್ದರು. ನಾವು ಹಡಗಿನಲ್ಲಿ ಪೆನ್ಸಿಲು ಹಿಡಿದು ಮಾಡುವುದೂ ಇದನ್ನೇ. ಇನ್ನೂ ಹಿಂದೆ, ಅರಬ್ಬರೂ ನಮ್ಮ ಪಶ್ಚಿಮ ಕರಾವಳಿಯ ನಾವಿಕರೂ 'ಕಮಾಲ್' ಎಂಬ ಸಣ್ಣ ಮರದ ಹಲಗೆಯಿಂದ ಧ್ರುವ ನಕ್ಷತ್ರದ ಎತ್ತರ ಅಳೆಯುತ್ತಿದ್ದರು. ಹಲಗೆಗೆ ಗಂಟುಗಳಿರುವ ಒಂದು ಹುರಿ, ಹುರಿಯ ಒಂದು ಗಂಟು ಹಲ್ಲಿನ ನಡುವೆ. ಹಲಗೆಯ ಕೆಳ ಅಂಚು ಕಡಲಂಚಿಗೂ ಮೇಲಿನ ಅಂಚು ನಕ್ಷತ್ರಕ್ಕೂ ಮುಟ್ಟಿದಾಗ ಎಷ್ಟನೆಯ ಗಂಟು ಎಂದು ನೋಡಿದರೆ ಯಾವ ಊರಿನ ನೇರಕ್ಕೆ ಬಂದಿದ್ದೇವೆಂದು ತಿಳಿಯುತ್ತಿತ್ತು. ಮಂಗಳೂರಿನಲ್ಲಿ ಧ್ರುವ ನಕ್ಷತ್ರ ಕಡಲಂಚಿನಿಂದ ಸುಮಾರು 13 ಡಿಗ್ರಿ ಮೇಲಿದ್ದರೆ ಕಾರವಾರದಲ್ಲಿ 15ರ ಹತ್ತಿರ. ಆ ಎರಡು ಡಿಗ್ರಿಯೇ ಇಡೀ ಕರ್ನಾಟಕ ಕರಾವಳಿ! ಚಾರ್ಟು ಓದುವುದೆಂದರೆ ಇಂಗ್ಲಿಷ್ ಕಲಿತವರ ಹೊಸ ಶೋಕಿ ಎಂದು ತಿಳಿಯಬೇಡಿ. ಅದು ನಿಮ್ಮ ಮನೆಯದೇ ವಿದ್ಯೆ, ಕಾಗದದ ಮೇಲೆ ಬಂದಿದೆ, ಅಷ್ಟೆ.

ಈಗ ಒಂದು ಚಾರ್ಟನ್ನು ಮೇಜಿನ ಮೇಲೆ ಹರಡೋಣ. ನಮ್ಮ ದೇಶದ ಚಾರ್ಟುಗಳನ್ನು ತಯಾರಿಸುವುದು ನೌಕಾಪಡೆಯ ನ್ಯಾಷನಲ್ ಹೈಡ್ರೋಗ್ರಾಫಿಕ್ ಆಫೀಸ್. ಕಚೇರಿ ಇರುವುದು ಡೆಹ್ರಾಡೂನಿನಲ್ಲಿ, ಹಿಮಾಲಯದ ಬುಡದಲ್ಲಿ. ಕಡಲು ಕಾಣದ ಊರಿನಲ್ಲಿ ಕಡಲಿನ ನಕ್ಷೆ ಅಚ್ಚಾಗುತ್ತದೆ ಎಂದು ನಮ್ಮ ಹಡಗಿನಲ್ಲಿ ತಮಾಷೆ ಮಾಡುವುದಿತ್ತು. ತಮಾಷೆ ಇರಲಿ, ಕೆಲಸ ಮಾತ್ರ ಅಚ್ಚುಕಟ್ಟು.

ಮೊದಲು ನೆಲವನ್ನೂ ನೀರನ್ನೂ ನೋಡಬೇಡಿ, ಶೀರ್ಷಿಕೆ ನೋಡಿ. ಅಲ್ಲಿ ಆಳ ಮೀಟರಿನಲ್ಲಿದೆಯೋ ಫ್ಯಾದಮ್ಮಿನಲ್ಲಿದೆಯೋ ಎಂದು ಬರೆದಿರುತ್ತದೆ. ನಿಮ್ಮ ಹಿರಿಯರು ಮಾರಿನಲ್ಲಿ ಅಳೆಯುತ್ತಿದ್ದರು, ಫ್ಯಾದಮ್ ಅಂದರೂ ಹೆಚ್ಚುಕಡಿಮೆ ಅದೇ, ಆರು ಅಡಿ. ಹಳೆಯ ಚಾರ್ಟಿನಲ್ಲಿ 5 ಎಂದಿದ್ದರೆ 9 ಮೀಟರಿಗೂ ಹೆಚ್ಚು ನೀರು, ಹೊಸದರಲ್ಲಿ 5 ಎಂದರೆ ಬರೀ 5 ಮೀಟರು. ಆಮೇಲೆ ಸರ್ವೆ ಯಾವ ವರ್ಷದ್ದು ಎಂದು ನೋಡಿ. ಚಾರ್ಟಿನ ಮೂಲೆಯ ಪುಟ್ಟ ನಕ್ಷೆಯಲ್ಲಿ ಯಾವ ಭಾಗವನ್ನು ಯಾವಾಗ ಅಳೆದದ್ದು ಎಂದು ತೋರಿಸಿರುತ್ತಾರೆ. ಗಂಗೊಳ್ಳಿ, ಹೊನ್ನಾವರದಂಥ ಅಳಿವೆಗಳಲ್ಲಿ ಪ್ರತಿ ಮಳೆಗಾಲ ಕಳೆದಾಗ ಮರಳಿನ ದಿಬ್ಬ ಜಾಗ ಬದಲಿಸುತ್ತದೆ ಎಂಬುದು ನಿಮಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಅಲ್ಲಿ ಚಾರ್ಟಿನ ಅಂಕಿಗಿಂತ ಮೊನ್ನೆ ಒಳಗೆ ಬಂದ ದೋಣಿಯವನ ಮಾತೇ ದೊಡ್ಡದು. ಚಾರ್ಟನ್ನು ನಂಬುವುದನ್ನು ಕಲಿಯುವಾಗಲೇ ಎಲ್ಲಿ ನಂಬಬಾರದು ಎಂಬುದನ್ನೂ ಕಲಿಯಬೇಕು. ಇನ್ನೊಂದು, ತೀರಾ ಹಳೆಯ ಚಾರ್ಟಿನಲ್ಲಿ ಅಕ್ಷಾಂಶ ರೇಖಾಂಶ ಎಳೆದ ಲೆಕ್ಕವೇ ಬೇರೆ. ಜಿಪಿಎಸ್ ಕೊಡುವ ಸಂಖ್ಯೆಯನ್ನು ಅದರ ಮೇಲೆ ಹಾಗೆಯೇ ಗುರುತಿಸಿದರೆ ನೂರಾರು ಮೀಟರ್ ಆಚೀಚೆ ಆಗಬಹುದು. ಶೀರ್ಷಿಕೆಯ ಕೆಳಗೆ 'ಡಬ್ಲ್ಯುಜಿಎಸ್ 84' ಎಂದು ಬರೆದಿದ್ದರೆ ಚಿಂತೆಯಿಲ್ಲ.

ನೀರಿನ ಮೇಲೆಲ್ಲ ಚದುರಿದ ಅಂಕಿಗಳು ಆಳ. 5ರ ಪಕ್ಕ ಕೆಳಗೆ ಸಣ್ಣದಾಗಿ 4 ಇದ್ದರೆ 5.4 ಮೀಟರು. ಈ ಆಳ ನೀವು ಹೋದ ಹೊತ್ತಿನ ಆಳವಲ್ಲ. ಇಳಿತದ ತೀರಾ ತಗ್ಗಿನ ಮಟ್ಟದಿಂದ ಲೆಕ್ಕ ಹಾಕಿದ್ದು, ಅಂದರೆ ಹೆಚ್ಚುಕಡಿಮೆ ಎಲ್ಲ ಹೊತ್ತಿನಲ್ಲೂ ಅದಕ್ಕಿಂತ ಕಡಿಮೆ ನೀರು ಇರುವುದಿಲ್ಲ. ಉಬ್ಬರ ಎಷ್ಟಿದೆಯೋ ಅಷ್ಟನ್ನು ಮೇಲೆ ಕೂಡಿಸಿಕೊಳ್ಳಬೇಕು. ಅಂಕಿಯ ಕೆಳಗೆ ಅಡ್ಡಗೆರೆ ಇದ್ದರೆ ಆ ಜಾಗ ಇಳಿತದಲ್ಲಿ ನೀರಿನಿಂದ ಮೇಲೆ ಏಳುತ್ತದೆ. ಅಂಕಿಗಳ ನಡುವೆ ಇಂಗ್ಲಿಷ್ ಅಕ್ಷರಗಳಿವೆ: 'ಎಂ' ಇದ್ದಲ್ಲಿ ಕೆಸರು, 'ಎಸ್' ಇದ್ದಲ್ಲಿ ಮರಳು, 'ಆರ್' ಇದ್ದಲ್ಲಿ ಬಂಡೆ. ಟ್ರಾಲ್ ಬಲೆ ಎಳೆಯುವವರಿಗೆ ಈ ಮೂರು ಅಕ್ಷರಗಳೇ ಚಾರ್ಟಿನ ದುಡ್ಡನ್ನು ವಾಪಸ್ ಕೊಡುತ್ತವೆ. ಚುಕ್ಕಿಗಳಿಂದ ಸುತ್ತುವರಿದ ಕೂಡು ಚಿಹ್ನೆ ಕಂಡರೆ ಅದು ನೀರಿನಡಿಯ ಬಂಡೆ. ನೇರಳೆ ಬಣ್ಣದ ಗೆರೆಗಳಲ್ಲಿ ಕೇಬಲ್ಲು, ಪೈಪು, ನಿಷೇಧಿತ ಪ್ರದೇಶ ಇರುತ್ತವೆ. ಪಣಂಬೂರಿನಾಚೆ ಕಚ್ಚಾತೈಲ ಇಳಿಸುವ ಬೋಯಾ, ಅಲ್ಲಿಂದ ದಡಕ್ಕೆ ಹೋದ ಪೈಪು, ಕಾರವಾರದ ನೌಕಾನೆಲೆಯ ಸುತ್ತಲ ನೀರು, ನೌಕಾಪಡೆ ಗುಂಡಿನ ಅಭ್ಯಾಸ ನಡೆಸುವ ನೇತ್ರಾಣಿ, ಇವನ್ನೆಲ್ಲ ಬಾಯಿಮಾತಿನಲ್ಲಿ ಕೇಳಿ ತಿಳಿಯುವುದಕ್ಕಿಂತ ಕಣ್ಣಾರೆ ಗೆರೆ ನೋಡಿ ತಿಳಿಯುವುದು ಲೇಸು.

ದೂರ ಅಳೆಯುವುದನ್ನು ಎಲ್ಲರೂ ಮೊದಲ ಸಲ ತಪ್ಪು ಅಂಚಿನಲ್ಲಿ ಮಾಡುತ್ತಾರೆ, ಅದಕ್ಕೇ ಸ್ವಲ್ಪ ನಿಂತು ಹೇಳುತ್ತೇನೆ. ಅಕ್ಷಾಂಶದ ಒಂದು ಮಿನಿಟು ಅಂದರೆ ಒಂದು ನಾಟಿಕಲ್ ಮೈಲಿ, 1,852 ಮೀಟರು. ಆದ್ದರಿಂದ ಚಾರ್ಟಿನ ಎಡಬಲದ ಅಂಚೇ ನಿಮ್ಮ ಅಳತೆಪಟ್ಟಿ. ಡಿವೈಡರಿನ ಎರಡು ಕಾಲನ್ನು ಎರಡು ಜಾಗದ ಮೇಲೆ ಇಟ್ಟು, ಹಾಗೆಯೇ ಎತ್ತಿ, ಅದೇ ಎತ್ತರದಲ್ಲಿರುವ ಪಕ್ಕದ ಅಂಚಿಗೆ ಹಿಡಿದರೆ ಎಷ್ಟು ಮಿನಿಟೋ ಅಷ್ಟು ಮೈಲಿ. ಮೇಲೆ ಕೆಳಗೆ ಇರುವ ರೇಖಾಂಶದ ಅಂಚಿನಲ್ಲಿ ಅಳೆಯಲೇಬಾರದು. ಬಡಗಿಗೆ ಹೋದ ಹಾಗೆ ರೇಖಾಂಶದ ಗೆರೆಗಳು ಒಂದಕ್ಕೊಂದು ಹತ್ತಿರವಾಗುತ್ತವೆ, ಅದರ ಮಿನಿಟು ಮೈಲಿಗಿಂತ ಚಿಕ್ಕದು. ಮಲ್ಪೆಯ ಎದುರು ಆ ವ್ಯತ್ಯಾಸ ನೂರಕ್ಕೆ ಮೂರರೊಳಗೆ, ಹಾಗಾಗಿ ತಪ್ಪು ಅಂಚಿನಲ್ಲಿ ಅಳೆದರೂ ನಮ್ಮ ಊರಿನಲ್ಲಿ ಏನೂ ಆಗುವುದಿಲ್ಲ. ಅಪಾಯ ಇರುವುದೇ ಅಲ್ಲಿ. ಶಿಕ್ಷೆಯಿಲ್ಲದೆ ಅಭ್ಯಾಸವಾದ ತಪ್ಪು ಗುಜರಾತಿನ ನೀರಿಗೆ ಹೋದಾಗ ನೂರಕ್ಕೆ ಏಳಾಗುತ್ತದೆ.

ಇನ್ನು ದಿಕ್ಕು. ಚಾರ್ಟಿನ ಮೇಲೆ ಒಂದೆರಡು ಕಡೆ ಡಿಗ್ರಿ ಬರೆದ ಚಕ್ರ ಅಚ್ಚಾಗಿರುತ್ತದೆ. ಹೊರಗಿನ ಚಕ್ರ ನಿಜವಾದ ಬಡಗು, ಒಳಗಿನದು ಕಂಪಾಸಿನ ಮುಳ್ಳು ತೋರಿಸುವ ಬಡಗು. ನಮ್ಮ ಕರಾವಳಿಯಲ್ಲಿ ಇವೆರಡರ ನಡುವಿನ ವ್ಯತ್ಯಾಸ ತೀರಾ ಕಡಿಮೆ. ಅದಕ್ಕಿಂತ ಹೆಚ್ಚು ಕಾಟ ಕೊಡುವುದು ನಿಮ್ಮ ಬೋಟಿನ ಕಬ್ಬಿಣ. ಕ್ಯಾಬಿನ್ನಿನಲ್ಲಿ ಕಂಪಾಸಿನ ಪಕ್ಕದಲ್ಲೇ ಹಾಡು ಕೇಳುವ ಸ್ಪೀಕರು ಕೂಡಿಸಿದ್ದೀರಿ, ಅದರೊಳಗೆ ಅಯಸ್ಕಾಂತ ಇದೆ. ಒಂದು ಡಿಗ್ರಿ ತಪ್ಪಿದರೆ 60 ಮೈಲಿ ಹೋದ ಮೇಲೆ ಒಂದು ಮೈಲಿ ಆಚೀಚೆ, ಐದು ಡಿಗ್ರಿ ತಪ್ಪಿದರೆ ಐದು ಮೈಲಿ. ಸ್ಪೀಕರನ್ನು ಹಿಂದಕ್ಕೆ ಸರಿಸಿ. ಹಾಡು ಅಲ್ಲಿಂದಲೂ ಕೇಳಿಸುತ್ತದೆ.

ಸಮಾಂತರ ಪಟ್ಟಿಯನ್ನು ಚಕ್ರದ ಮೇಲಿಟ್ಟು, ಒಂದು ಅಂಚನ್ನು ಒತ್ತಿ ಹಿಡಿದು ಇನ್ನೊಂದನ್ನು ಸರಿಸುತ್ತಾ, ಅಡಿಯ ಮೇಲೆ ಅಡಿಯಿಟ್ಟಂತೆ ಕಾಪು ದೀಪಸ್ತಂಭದವರೆಗೆ ನಡೆಸಿಕೊಂಡು ಹೋಗಿ ಗೆರೆ ಎಳೆಯುವುದಿದೆಯಲ್ಲ, ಒಮ್ಮೆ ಕೈಗೆ ಹತ್ತಿದರೆ ಅದರ ಸುಖವೇ ಬೇರೆ. 1901ರಲ್ಲಿ ಕಟ್ಟಿದ ಆ ದೀಪ ನಿಮ್ಮ ಕಂಪಾಸಿಗೆ ಯಾವ ಡಿಗ್ರಿಯಲ್ಲಿ ಕಾಣುತ್ತದೆಯೋ ಅದೊಂದು ಗೆರೆ. ದ್ವೀಪದ ತುದಿ ಇನ್ನೊಂದು, ಬಂದರಿನ ಗೋಡೆಯ ದೀಪ ಮತ್ತೊಂದು. ಮೂರೂ ಒಂದೇ ಚುಕ್ಕಿಯಲ್ಲಿ ಕೂಡುವುದು ಅಪರೂಪ, ಸಾಮಾನ್ಯವಾಗಿ ಒಂದು ಪುಟ್ಟ ತ್ರಿಕೋನ ಬೀಳುತ್ತದೆ. ತ್ರಿಕೋನ ಚಿಕ್ಕದಾಗಿದ್ದರೆ ನೀವು ಅದರ ಆಸುಪಾಸಿನಲ್ಲಿದ್ದೀರಿ. ದೊಡ್ಡದಾಗಿದ್ದರೆ ಯಾವುದೋ ಗುರುತನ್ನು ತಪ್ಪಾಗಿ ಹಿಡಿದಿದ್ದೀರಿ, ಮತ್ತೆ ನೋಡಿ. ಜಿಪಿಎಸ್ ತಪ್ಪಿದರೆ ತಾನು ತಪ್ಪಿದೆನೆಂದು ನಿಮಗೆ ಹೇಳುವುದು ಕಡಿಮೆ. ಈ ತ್ರಿಕೋನ ಹೇಳುತ್ತದೆ. ಪೆನ್ಸಿಲನ್ನು ಚೂಪಾಗಿ ಇಟ್ಟುಕೊಳ್ಳಿ. ಮೂರು ಲಕ್ಷಕ್ಕೆ ಒಂದರ ಪ್ರಮಾಣದ ಚಾರ್ಟಿನಲ್ಲಿ ಒಂದು ಮಿಲಿಮೀಟರು ದಪ್ಪದ ಗೆರೆ ಎಂದರೆ ಕಡಲಿನ ಮೇಲೆ 300 ಮೀಟರು.

ಗುರುತು ಏನೂ ಕಾಣದಿದ್ದಾಗ ಗಡಿಯಾರ. 8 ನಾಟ್ ವೇಗದಲ್ಲಿ ನೇರ ಪಡುವಣಕ್ಕೆ ಮೂರು ಗಂಟೆ ಹೋದರೆ 24 ಮೈಲಿ, ಅಷ್ಟು ಗೆರೆ ಎಳೆದು ಚುಕ್ಕಿ ಇಡಿ. ಅದರ ಮೇಲೆ ನೀರಿನ ಸೆಳೆತ ಸೇರಿಸಿ. ನಮ್ಮ ಕರಾವಳಿಯ ನೀರು ಮಳೆಗಾಲದಲ್ಲಿ ತೆಂಕಿಗೂ ಚಳಿಗಾಲದಲ್ಲಿ ಬಡಗಿಗೂ ಹರಿಯುತ್ತದೆ, ಅದೂ ನಿಮಗೆ ಬಲೆ ಎಳೆದೇ ಗೊತ್ತಿರುವ ಸಂಗತಿ. ಇದು ಅಂದಾಜು, ನಿಜ. ಆದರೆ ಗಂಟೆಗೊಮ್ಮೆ ಅಂದಾಜು ಮಾಡುತ್ತಾ ಬಂದವನಿಗೆ ಜಿಪಿಎಸ್ ಕೆಟ್ಟ ಕ್ಷಣದಲ್ಲಿ ತಾನೆಲ್ಲಿದ್ದೇನೆಂಬುದು ಗೊತ್ತಿರುತ್ತದೆ.

ತಮ್ಮಂದಿರೇ, ಈ ಪತ್ರದಲ್ಲಿ ಬೇರೆಲ್ಲ ಮರೆತರೂ ಮುಂದಿನ ಮಾತನ್ನು ಮರೆಯಬೇಡಿ. ಜಿಪಿಎಸ್ ಸೆಟ್ಟುಗಳು, ಮೊಬೈಲುಗಳು ಒಂದೇ ಜಾಗವನ್ನು ಮೂರು ಬಗೆಯಲ್ಲಿ ತೋರಿಸುತ್ತವೆ: ಬರೀ ಡಿಗ್ರಿ, ಡಿಗ್ರಿ ಮತ್ತು ಮಿನಿಟು, ಇಲ್ಲವೇ ಡಿಗ್ರಿ ಮಿನಿಟು ಸೆಕೆಂಡು. ಮೊಬೈಲಿನಲ್ಲಿ 13.34 ಎಂದು ಕಂಡದ್ದನ್ನು ವೈರ್‌ಲೆಸ್ಸಿನಲ್ಲಿ ಗಾಬರಿಯಿಂದ "ಹದಿಮೂರು ಮೂವತ್ತನಾಲ್ಕು" ಎಂದು ಕೂಗಿದರೆ ಕೇಳಿದವರು 13 ಡಿಗ್ರಿ 34 ಮಿನಿಟು ಎಂದು ಬರೆದುಕೊಳ್ಳುತ್ತಾರೆ. ನಿಜವಾಗಿ ಅದು 13 ಡಿಗ್ರಿ 20.4 ಮಿನಿಟು. ನೀವು ಮುಳುಗುತ್ತಿರುವುದು ಮಲ್ಪೆಯ ನೇರಕ್ಕೆ, ಕೋಸ್ಟ್ ಗಾರ್ಡ್ ಹುಡುಕುವುದು 13 ಮೈಲಿಗೂ ಹೆಚ್ಚು ಬಡಗಿಗೆ, ಕುಂದಾಪುರದ ಹತ್ತಿರ. ಡಿಗ್ರಿ ಮಿನಿಟಿನ ಲೆಕ್ಕದಲ್ಲಿಯೂ 20.50 ಎಂಬುದನ್ನು 20 ಮಿನಿಟು 50 ಸೆಕೆಂಡು ಎಂದು ಓದಿದರೆ 600 ಮೀಟರಿಗೂ ಹೆಚ್ಚು ವ್ಯತ್ಯಾಸ. ರಾತ್ರಿ, ಅಲೆಯ ನಡುವೆ, ನೀರಿನಲ್ಲಿ ತೇಲುವ ತಲೆಯನ್ನು ಹುಡುಕುವವರಿಗೆ 600 ಮೀಟರು ಬಹಳ ದೂರ. ಇವತ್ತೇ ಬೋಟಿಗೆ ಹೋಗಿ ಸೆಟ್ಟನ್ನು ಡಿಗ್ರಿ, ಮಿನಿಟು, ಅದರ ದಶಾಂಶಕ್ಕೆ ಹಾಕಿ. ಚಾರ್ಟಿನ ಅಂಚೂ ಅದೇ ಲೆಕ್ಕದಲ್ಲಿ ಓದಿಸಿಕೊಳ್ಳುತ್ತದೆ. ಹೇಳುವಾಗ "ಡಿಗ್ರಿ", "ಮಿನಿಟು", "ಪಾಯಿಂಟ್" ಎಂಬ ಮೂರು ಪದಗಳನ್ನೂ ಬಾಯಿಬಿಟ್ಟು ಹೇಳಿ. ವಿಎಚ್‌ಎಫ್ ಚಾನೆಲ್ 16, ಕೋಸ್ಟ್ ಗಾರ್ಡಿನ ಫೋನು 1554, ಇವೆರಡನ್ನೂ ಕ್ಯಾಬಿನ್ನಿನ ಹಲಗೆಯ ಮೇಲೆ ಪೇಂಟಿನಲ್ಲಿ ಬರೆದಿಡಿ.

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಎಂಬ ಬೋಟು ಏಳು ಮಂದಿಯೊಂದಿಗೆ ಕಾಣೆಯಾದದ್ದು, ಅದರ ಅವಶೇಷ 2019ರ ಮೇ ತಿಂಗಳಲ್ಲಿ ಮಾಲ್ವಣದಾಚೆ ಕಡಲತಳದಲ್ಲಿ ಪತ್ತೆಯಾದದ್ದು ನಿಮಗಾರಿಗೂ ಮರೆತಿಲ್ಲ. ಅದು ಹೇಗಾಯಿತೆಂಬ ಚರ್ಚೆಗೆ ನಾನು ಹೋಗುವುದಿಲ್ಲ. ಹುಡುಕುವವರ ಲೆಕ್ಕ ಒಂದನ್ನು ಮಾತ್ರ ನಿಮ್ಮ ಮುಂದಿಡುತ್ತೇನೆ. 8 ನಾಟ್ ಓಡುವ ಬೋಟಿನ ಕೊನೆಯ ಸ್ಥಾನ ತಿಳಿದು ಒಂದು ಗಂಟೆಯಾಗಿದ್ದರೆ ಹುಡುಕಬೇಕಾದ ಜಾಗ ಸುಮಾರು 200 ಚದರ ಮೈಲಿ. ಆರು ಗಂಟೆಯಾಗಿದ್ದರೆ 7,200 ಚದರ ಮೈಲಿ ಮೀರುತ್ತದೆ. ಹೊತ್ತು ಹೊತ್ತಿಗೆ ಸ್ಥಾನ ತಿಳಿಸುವುದರ ಬೆಲೆ ಇಷ್ಟು.

ಹಡಗಿನ ಬ್ರಿಜ್ಜಿನಿಂದ ನೀವು ಹೇಗೆ ಕಾಣುತ್ತೀರಿ ಎಂಬುದನ್ನೂ ಹೇಳಬೇಕು, ಅದು ನಾನು ಕಣ್ಣಾರೆ ಕಂಡದ್ದು. ನಡುರಾತ್ರಿಯಿಂದ ಬೆಳಗಿನ ನಾಲ್ಕರವರೆಗಿನ ಪಾಳಿಯಲ್ಲಿ ನಮ್ಮ ಕರಾವಳಿಯ ಆಚೆ ಹಡಗು ಸಾಗುವಾಗ ಮುಂದೆ ಬೆಳಕಿನ ಸಂತೆಯೇ ನೆರೆದಿರುತ್ತದೆ. ಕೆಂಪು, ಹಸಿರು, ನೀಲಿ, ಮಿಣಮಿಣ ಮಿನುಗುವ ಎಲ್‌ಇಡಿ ಮಾಲೆಗಳು. ಯಾವ ಬೋಟು ಬರುತ್ತಿದೆ, ಯಾವುದು ಹೋಗುತ್ತಿದೆ, ಯಾವುದರ ಹಿಂದೆ ಬಲೆಯಿದೆ, ಒಂದೂ ತಿಳಿಯದು. ಮರದ, ಫೈಬರಿನ ಬೋಟು ರಡಾರಿನಲ್ಲಿ ಅಲೆಯ ಕಲೆಗಳ ನಡುವೆ ಕಳೆದುಹೋಗುತ್ತದೆ. ಹಡಗಿನ ಮುಂದೆ 500 ಮೀಟರಿನ ತನಕ ನೀರಿನ ಮೇಲ್ಮೈ ಕಾಣದಿದ್ದರೂ ಅದಕ್ಕೆ ಅಂತಾರಾಷ್ಟ್ರೀಯ ನಿಯಮದಲ್ಲೇ ಅವಕಾಶ ಇದೆ. ಅಷ್ಟು ಹತ್ತಿರ ಬಂದ ಮೇಲೆ ನೀವು ಟಾರ್ಚು ಬೀಸಿದರೂ ಮೇಲಿದ್ದವನಿಗೆ ಕಾಣದು, ಕಂಡರೂ ಅವನು ಹಡಗು ನಿಲ್ಲಿಸಲಾರ. ತುಂಬಿದ ದೊಡ್ಡ ಹಡಗು ನಿಲ್ಲಲು ಮೈಲಿಗಟ್ಟಲೆ ನೀರು ಬೇಕು.

ಟ್ರಾಲ್ ಎಳೆಯುವ ಬೋಟು ಬಿಳಿ ದೀಪದ ಮೇಲೆ ಹಸಿರು ದೀಪ ಹಾಕಬೇಕು, ಬೇರೆ ಬಗೆಯ ಬಲೆ ಬಿಟ್ಟವರು ಬಿಳಿಯ ಮೇಲೆ ಕೆಂಪು. ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದಕ್ಕೆ ಬಿಳಿ. ಇಷ್ಟೇ ಇದ್ದರೆ ಹಡಗಿನವನು ಒಂದೇ ನೋಟಕ್ಕೆ ನಿಮ್ಮನ್ನು ಓದುತ್ತಾನೆ. ಆ ಮಾಲೆಗಳನ್ನು ಊರಿನ ಉತ್ಸವಕ್ಕೆ ಇಟ್ಟುಕೊಳ್ಳಿ. ಬಲೆ ಎಳೆಯುವ ಬೋಟಿಗೆ ಹಡಗು ದಾರಿ ಬಿಡಬೇಕೆಂಬ ನಿಯಮ ಇದೆ, ಆದರೆ ಅದನ್ನು ನಂಬಿ ಕೂರಬೇಡಿ. ನಿಮ್ಮ ದಿಕ್ಕು ಬದಲಾಗದಿರುವಾಗ ದೂರದ ಹಡಗು ಕ್ಯಾಬಿನ್ನಿನ ಕಂಬದ ನೇರಕ್ಕೆ ಕಂಡು, ಹೊತ್ತು ಕಳೆದರೂ ಅದೇ ಕಂಬದ ನೇರದಲ್ಲೇ ಇದ್ದು ದೊಡ್ಡದಾಗುತ್ತಾ ಬಂದರೆ ಅದು ನಿಮ್ಮ ಮೇಲೆಯೇ ಬರುತ್ತಿದೆ. ಈ ಪರೀಕ್ಷೆಗೆ ಯಾವ ಯಂತ್ರವೂ ಬೇಡ, ಒಬ್ಬ ಎಚ್ಚರವಾಗಿದ್ದರೆ ಸಾಕು. 2021ರ ಏಪ್ರಿಲ್‌ನಲ್ಲಿ ಮಂಗಳೂರಿನಿಂದ ಪಡುವಣಕ್ಕೆ 40 ಮೈಲಿಗೂ ಆಚೆ, ರಾತ್ರಿ ಹೊತ್ತಿನಲ್ಲಿ, ಕೇರಳದ ಬೇಪೂರಿನ ಬೋಟಿಗೂ ಸರಕು ಹಡಗಿಗೂ ಡಿಕ್ಕಿಯಾಯಿತು. ಬೋಟಿನಲ್ಲಿದ್ದ 14 ಮಂದಿಯಲ್ಲಿ ಇಬ್ಬರನ್ನು ಮಾತ್ರ ಜೀವಸಹಿತ ಎತ್ತಲು ಸಾಧ್ಯವಾಯಿತು. ಅದಕ್ಕಿಂತ ಮೊದಲೇ, 2020ರ ಆಗಸ್ಟಿನಿಂದ, ದೇಶದ ನೈರುತ್ಯ ಕಡಲಿನಲ್ಲಿ ಸರಕು ಹಡಗುಗಳಿಗೆ ಪ್ರತ್ಯೇಕ ದಾರಿಗಳನ್ನು ಗೊತ್ತುಪಡಿಸಿದ್ದಾರೆ. ಹಡಗಿನ ದಾರಿ ಎಲ್ಲಿದೆ ಎಂದು ತಿಳಿಯದವನು ಅದರ ನಡುವೆಯೇ ಲಂಗರು ಹಾಕಿ ಮಲಗಬಹುದು.

ಬೋಯಾಗಳ ವಿಷಯ ಚುಟುಕಾಗಿ. ನಮ್ಮ ದೇಶದಲ್ಲಿ ಬಂದರಿನೊಳಗೆ ಬರುವಾಗ ಕೆಂಪು ಬೋಯಾ ಎಡಕ್ಕಿರಬೇಕು, ಹಸಿರು ಬಲಕ್ಕೆ. ಕಪ್ಪು ಹಳದಿ ಬಣ್ಣದ ಬೋಯಾ ಕಂಡರೆ ಅದರ ತಲೆಯ ಮೇಲಿನ ಎರಡು ಶಂಕುಗಳನ್ನು ನೋಡಿ: ಎರಡೂ ಮೇಲ್ಮುಖ ಇದ್ದರೆ ಬಡಗಿನಿಂದ ಹಾದುಹೋಗಿ, ಕೆಳಮುಖ ಇದ್ದರೆ ತೆಂಕಿನಿಂದ. ಬುಡಕ್ಕೆ ಬುಡ ಸೇರಿದ್ದರೆ ಮೂಡಣದಿಂದ, ತುದಿಗೆ ತುದಿ ಸೇರಿದ್ದರೆ ಪಡುವಣದಿಂದ. ರಾತ್ರಿ ಅದೇ ಬೋಯಾ ಮೂಡಣದ್ದಾದರೆ ಮೂರು ಸಲ, ತೆಂಕಿನದಾದರೆ ಆರು, ಪಡುವಣದ್ದಾದರೆ ಒಂಬತ್ತು ಸಲ ಮಿನುಗುತ್ತದೆ. ಗಡಿಯಾರದ ಮುಖವನ್ನು ನೆನೆದರೆ ಮತ್ತೆ ಮರೆಯದು.

ಇನ್ನು ನಿಮ್ಮಲ್ಲಿ ನನ್ನ ಕೋರಿಕೆಗಳು. ಒಬ್ಬೊಬ್ಬರಿಗೆ ಚಾರ್ಟು ಕೊಳ್ಳುವುದು ಹೊರೆಯಾದರೆ ಒಂದು ಬೋಟಿನವರು ಸೇರಿ ಒಂದು ಕೊಳ್ಳಿ, ಅಧಿಕೃತ ಮಾರಾಟಗಾರರಿಂದಲೇ ಕೊಳ್ಳಿ. ನೌಕಾಪಡೆಯ ಕಚೇರಿ ಹದಿನೈದು ದಿನಕ್ಕೊಮ್ಮೆ ತಿದ್ದುಪಡಿ ಹೊರಡಿಸುತ್ತದೆ, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ನಿಮ್ಮಲ್ಲಿ ಓದು ಬಲ್ಲ ಒಬ್ಬ ಅದನ್ನು ನೋಡಿ ಚಾರ್ಟಿನ ಮೇಲೆ ನೇರಳೆ ಶಾಯಿಯಲ್ಲಿ ತಿದ್ದಲಿ, ಎಡಗಡೆಯ ಕೆಳಮೂಲೆಯಲ್ಲಿ ಅದರ ನಂಬರು ಬರೆದಿಡಲಿ. ಜಿಪಿಎಸ್ಸಿನ ಪಾಯಿಂಟುಗಳನ್ನು ಈ ರಜೆಯಲ್ಲೇ ಗಟ್ಟಿ ರಟ್ಟಿನ ಪುಸ್ತಕಕ್ಕೆ ಇಳಿಸಿ, ಪೆನ್ಸಿಲಿನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಉಪ್ಪುನೀರಿಗೆ ಹರಡುತ್ತದೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕಳಿಸುವ ಮೀನು ಸಿಗುವ ಜಾಗದ ಸೂಚನೆಯಲ್ಲಿ ದಿಕ್ಕು, ದೂರ, ಆಳ, ಅಕ್ಷಾಂಶ, ರೇಖಾಂಶ ಎಲ್ಲ ಇರುತ್ತದೆ. ಅದನ್ನು ಚಾರ್ಟಿನ ಮೇಲೆ ಗುರುತು ಹಾಕುವುದೇ ನಿಮ್ಮ ಮೊದಲ ಪಾಠವಾಗಲಿ.

ಹಳೆಯ ತಂಡೇಲರನ್ನು ಚಾರ್ಟಿನ ಮುಂದೆ ಕೂರಿಸಿ. ಅವರಿಗೆ ಅಕ್ಷರ ಬಾರದಿರಬಹುದು. ಬೆರಳಿಟ್ಟು "ಇದು ಇಲ್ಲಿಲ್ಲ, ಇನ್ನಷ್ಟು ಪಡುವಿಗುಂಟು" ಎಂದು ಅವರು ಹೇಳಿದರೆ ಪಕ್ಕದಲ್ಲಿ ಬರೆದುಕೊಳ್ಳಿ. ನಿಮ್ಮ ಜೊತೆ ದುಡಿಯುವ ಒಡಿಶಾದ, ಜಾರ್ಖಂಡದ, ಆಂಧ್ರದ ಹುಡುಗರನ್ನೂ ಹತ್ತಿರ ಕರೆಯಿರಿ, ಚಾರ್ಟಿನ ಅಂಕಿಗೆ ಭಾಷೆಯ ತೊಡಕಿಲ್ಲ. ಮನೆಯಲ್ಲಿರುವ ಅಕ್ಕತಂಗಿಯರಿಗೂ ಕಲಿಸಿ. ರಾತ್ರಿ ಹೊತ್ತು ನಿಮ್ಮ ಫೋನು ಮೊದಲು ಬರುವುದು ಅವರಿಗೆ. ಆ ಎರಡು ಸಂಖ್ಯೆಗಳನ್ನು ಸರಿಯಾಗಿ ಬರೆದುಕೊಂಡು 1554ಕ್ಕೆ ಮುಟ್ಟಿಸಬೇಕಾದವರು ಅವರೇ. ಹತ್ತನೆಯ ತರಗತಿ ಮುಗಿಸಿ ಮುಂದೇನೆಂದು ಕೂತ ತಮ್ಮಂದಿರು ಕೊಚ್ಚಿಯ ಸಿಫ್ನೆಟ್ ಸಂಸ್ಥೆಯ ವೆಸೆಲ್ ನ್ಯಾವಿಗೇಟರ್ ತರಬೇತಿಯನ್ನು ಒಮ್ಮೆ ವಿಚಾರಿಸಲಿ. ಬೋಟು ಮಾಲೀಕರ ಸಂಘದವರಲ್ಲೂ ಮೀನುಗಾರರ ಸಹಕಾರ ಸಂಘಗಳಲ್ಲೂ ನೀವೇ ಹೋಗಿ ಕೇಳಿ: ರಜೆಯ ದಿನಗಳಲ್ಲಿ ಸಂಘದ ಸಭಾಭವನದಲ್ಲಿ ಒಂದು ಉದ್ದ ಮೇಜು, ಎರಡು ಟ್ಯೂಬ್‌ಲೈಟು ಕೊಟ್ಟರೆ ಸಾಕು. ಕಲಿಸಲು ನನ್ನಂಥ ನಿವೃತ್ತರು ಪ್ರತಿ ಊರಿನಲ್ಲೂ ಇದ್ದಾರೆ, ಕರೆದರೆ ಬಾರದಿರುವವರು ಕಡಿಮೆ. ಜೂನ್ 21ನ್ನು ಯೋಗದ ದಿನವೆಂದು ಎಲ್ಲರೂ ಆಚರಿಸುತ್ತಾರೆ. ಅದೇ ದಿನ ವಿಶ್ವ ಜಲಮಾಪನ ದಿನ, ಕಡಲು ಅಳೆದು ನಕ್ಷೆ ಬರೆಯುವವರ ದಿನ. ನಿಮ್ಮ ರಜೆಯ ನಡುವೆಯೇ ಬರುತ್ತದೆ. ತರಗತಿ ಶುರು ಮಾಡಲು ಅದಕ್ಕಿಂತ ಒಳ್ಳೆಯ ದಿನ ಬೇಡ.

ಆಗಸ್ಟ್ 1ರಂದು ಬೋಟು ಕಟ್ಟು ಬಿಚ್ಚುವ ಮೊದಲು, ನಿಮ್ಮ ಬಂದರಿನಿಂದ ಹೊರಗೆ 20 ಮೈಲಿಯ ದಾರಿಯನ್ನು ಕಾಗದದ ಮೇಲೆ ಒಮ್ಮೆ ಎಳೆದು, ಆ ದಾರಿಯಲ್ಲಿ ಬರುವ ಪ್ರತಿ ಬಂಡೆ, ಬೋಯಾ, ದೀಪದ ಹೆಸರನ್ನು ಮನೆಯವರ ಮುಂದೆ ಓದಿ ಹೇಳಿ. ನನಗೆ ನೀವು ಕೊಡಬೇಕಾದ ಉತ್ತರ ಅದೊಂದೇ.

ಇತಿ ನಿಮ್ಮ ಹಿತೈಷಿ,
ನಿವೃತ್ತ ಹಡಗು ಅಧಿಕಾರಿ,
ಕುಂದಾಪುರ ತಾಲೂಕು